ಕಾಲು ನೆಲಕ್ಕೆ ತಾಕದಂತೆ

ಉಳವಪ್ಪಗೌಡನ ವಾಡೆಯ ಮುಂದೆ ಸೈಕಲ್ಲಿನಿಂದ ಇಳಿಯಲಿಲ್ಲವೆಂದು ಕೇರಿಯ ಯಮನೂರಪ್ಪನ ಎಡಗಾಲು ಮುರಿದರು. ಅದು ಯುಗಾದಿಯ ಮರುದಿನ.

ಅದೇ ವರ್ಷ ನವೆಂಬರ್ ಒಂದಕ್ಕೆ ಕನ್ನಡ ನಾಡೆಲ್ಲ ಒಂದಾಗುವುದಿತ್ತು. ಆ ಸಂಭ್ರಮಕ್ಕೆ ಗದಗಿನ ತರುಣರು ಸೈಕಲ್ ಪಂದ್ಯ ಇಟ್ಟರು. ಗದಗಿನಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತಿ ಮರಳಿ ಗದಗ, ಎಂಬತ್ತು ಮೈಲಿ. ಕರಾರು ಒಂದೇ. ಹೊರಟಲ್ಲಿಂದ ಮುಟ್ಟುವವರೆಗೆ ಕಾಲು ನೆಲಕ್ಕೆ ತಾಕಬಾರದು, ತಾಕಿದವನು ಹೊರಗೆ. ಯಮನೂರಪ್ಪನ ತಮ್ಮ ಹೊಳೆಯಪ್ಪ ಹೆಸರು ಬರೆಸಿ ಬಂದ. ಅಣ್ಣನ ಕಾಲಿನ ಸುದ್ದಿ ಕೇಳಿದ್ದ ಬೆಟಗೇರಿಯ ಸೈಕಲ್ ಅಂಗಡಿ ಮಕ್ತುಮಸಾಬ ಒಂದು ಗಟ್ಟಿ ಸೈಕಲ್ ಕೊಟ್ಟು ಕಳಿಸಿದ.

ತೊಡಕು ಇದ್ದದ್ದು ದಾರಿಯಲ್ಲಿ. ಶಿರಹಟ್ಟಿಯಿಂದ ಮುಂಡರಗಿಗೆ ಹೋಗುವ ದಾರಿ ಇವರ ಊರೊಳಗೆ ಹಾದು ಗೌಡನ ವಾಡೆಯ ಕಟ್ಟೆಗೆ ಮೈ ಉಜ್ಜಿಕೊಂಡೇ ಹೋಗುತ್ತಿತ್ತು. ಆ ಕಟ್ಟೆಯ ಮುಂದೆ ಕೇರಿಯವರು ಇಳಿಯಬೇಕು, ಕೆರವು ಕೈಯಲ್ಲಿ ಹಿಡಿಯಬೇಕು, "ಅಡ್ಡಬಿದ್ನೆರೀ ಎಪ್ಪಾ" ಅನ್ನಬೇಕು, ಗೌಡ "ಹೂಂ" ಅನ್ನುವವರೆಗೆ ನಿಂತಿರಬೇಕು. ಗೌಡನೂ ಅನ್ನಲೇಬೇಕು. ಕೊಟ್ಟ ನಮಸ್ಕಾರಕ್ಕೆ ಹೂಂಗುಟ್ಟದಿದ್ದರೆ ಮನೆತನಕ್ಕೆ ಏಳಿಗೆಯಿಲ್ಲವೆಂದು ಅವನ ಅಜ್ಜ ಹೇಳಿ ಸತ್ತಿದ್ದ.

ಉಪಾಯ ಹೇಳಿದವಳು ತಾಯಿ ಕರೆವ್ವ. "ಇಳಿ ಅಂತಾನಲ್ಲ, ಇಳಿ," ಅಂದಳು ರೊಟ್ಟಿ ಬಡಿಯುತ್ತ. "ದಿನಾ ಇಪ್ಪತ್ತು ಸಲ ಇಳಿ. ಅವನ ಹತ್ರ ಎಷ್ಟು ಹೂಂ ಅದಾವು ನೋಡೇ ಬಿಡೂಣು."

ಮರುದಿನದಿಂದ ತಾಲೀಮು ಶುರುವಾಯಿತು. ಹಳ್ಳದಿಂದ ಊರಬಾಗಿಲ ಅಗಸಿಗೆ, ಅಗಸಿಯಿಂದ ಹಳ್ಳಕ್ಕೆ. ಉಳಿದ ದಾರಿಯುದ್ದಕ್ಕೂ ಕಾಲು ನೆಲ ಮುಟ್ಟುತ್ತಿರಲಿಲ್ಲ. ಕಟ್ಟೆಯ ಮುಂದೆ ಮಾತ್ರ ಹೊಳೆಯಪ್ಪ ಭಕ್ತಿಯಿಂದ ಇಳಿಯುತ್ತಿದ್ದ, ಊರು ಕೇಳುವಂತೆ ಅಡ್ಡಬಿದ್ದೆ ಅನ್ನುತ್ತಿದ್ದ. ಗೌಡ ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ಹೂಂ ಅಂದ. ನಿದ್ದೆಯಿಂದೆದ್ದು ಹೂಂ ಅಂದ. ಕಣ್ಣಿಗೆ ಸಾಬೂನು ಹೊಕ್ಕಾಗ ಬಚ್ಚಲಿನಿಂದ ಹೂಂ ಅಂದ. ಆಳುಗಳಿಂದ ಹೊಡೆಸೋಣವೆಂದರೆ ನೆವವಿಲ್ಲ; ಹೊಳೆಯಪ್ಪ ರಿವಾಜನ್ನು ಕೂದಲೆಳೆಯಷ್ಟೂ ತಪ್ಪಿಸುತ್ತಿರಲಿಲ್ಲ.

ಒಂಬತ್ತನೆಯ ದಿನ ಹಡಪದ ಹುಚ್ಚೀರಪ್ಪ ಗೌಡನ ಗಡ್ಡ ಹೆರೆಯುತ್ತಿದ್ದ. ನಮಸ್ಕಾರ ಬಂತು, ಹೂಂ ಅನ್ನಲು ದವಡೆ ಅಲ್ಲಾಡಿತು, ಕತ್ತಿ ಗಲ್ಲ ಕಚ್ಚಿತು.

"ಲೇ ಹೊಳ್ಯಾ, ಇನ್ನ ಮ್ಯಾಲೆ ಇಳೀಬ್ಯಾಡೋ ಮಾರಾಯಾ. ಹಂಗ ಹೋಗಿಬಿಡು," ಅಂದ ಗೌಡ, ರಕ್ತ ಒರೆಸಿಕೊಳ್ಳುತ್ತ.

ಹೊಳೆಯಪ್ಪ ಕಿವಿ ಕೇಳದವನಂತೆ ಇನ್ನೊಮ್ಮೆ ಹೇಳಿಸಿಕೊಂಡ. ಸಂಜೆಯೊಳಗೆ ಹುಚ್ಚೀರಪ್ಪ ಆ ಮಾತನ್ನು ಮನೆಮನೆಗೆ ಮುಟ್ಟಿಸಿದ್ದ.

ಪಂದ್ಯದ ದಿನ ಹೊಳೆಯಪ್ಪ ಲಕ್ಷ್ಮೇಶ್ವರ ದಾಟಿ, ಶಿರಹಟ್ಟಿ ದಾಟಿ, ಎಲ್ಲರಿಗಿಂತ ಮುಂದಾಗಿ ತನ್ನೂರು ಹೊಕ್ಕ. ಕಟ್ಟೆಯ ಮೇಲೆ ಜಮಖಾನ ಹಾಸಿತ್ತು. ನಾಡು ಒಂದಾದ ಸಂಭ್ರಮದ ಪಂದ್ಯ ನೋಡಲು ಹುಬ್ಬಳ್ಳಿಯಿಂದ ಬಂದ ಹೊಸ ಬೀಗರು ಬಿಳಿ ಅಂಗಿ ತೊಟ್ಟು ಕೂತಿದ್ದರು. ಗೌಡನ ಗಲ್ಲದ ಗಾಯ ಇನ್ನೂ ಆರಿರಲಿಲ್ಲ. ಬೀಗರ ಕಣ್ಣೆದುರು ಕೇರಿಯವನು ಸವಾರಿ ಹೋಗುವುದು ಅದಕ್ಕಿಂತ ಹೆಚ್ಚು ಉರಿಯಿತು. ಅವನು ಕಣ್ಸನ್ನೆ ಮಾಡಿದ. ಇಬ್ಬರು ಆಳುಗಳು ದಾರಿಗೆ ಬಡಿಗೆ ಅಡ್ಡ ಹಿಡಿದರು.

ಹೊಳೆಯಪ್ಪ ಕಾಲೂರಲಿಲ್ಲ. ಕಟ್ಟೆಯ ಮುಂದಿನ ಅಂಗಳದಲ್ಲೇ ಹ್ಯಾಂಡಲ್ ತಿರುಗಿಸಿ ಸುತ್ತು ಹೊಡೆಯತೊಡಗಿದ. ಒಂದು ಸುತ್ತು, ಎರಡು ಸುತ್ತು. ಎದ್ದ ಧೂಳು ಬೀಗರ ಅಂಗಿಯ ಮೇಲೆ ಕೂತಿತು. ಇಳಿಯಬೇಡವೆಂದು ಗೌಡರೇ ಅಪ್ಪಣೆ ಕೊಟ್ಟಿದ್ದಾರೆಂದು ಅವನು ಬೀಗರಿಗೆ ವಿನಯದಿಂದ ತಿಳಿಸಿದ. ಹಿಂದೆ ನಿಂತ ಹುಚ್ಚೀರಪ್ಪ ಹೌದೆಂದು ತಲೆಯಾಡಿಸಿದ. ಅಗಸಿಯ ಕಡೆಯಿಂದ ಹಿಂದಿನವರ ಗಂಟೆಗಳು ಕೇಳತೊಡಗಿದ್ದವು. ಎದುರು ಬೇವಿನ ಬುಡದಲ್ಲಿ ಯಮನೂರಪ್ಪ ಕೋಲೂರಿ ಎದ್ದು ನಿಂತ.

"ಅವತ್ತಿಂದು ಅವತ್ತಿಗೆ ಆತು," ಅಂದ ಗೌಡ. "ಇವತ್ತ ಇಳಿ. ನಿಮ್ಮಣ್ಣನ ಕಾಲು ನೆನಪೈತಿಲ್ಲೋ?"

ಹೊಳೆಯಪ್ಪ ಇನ್ನೊಂದು ಸುತ್ತು ಹಾಕಿ ಬಂದ.

"ನೆನಪೈತ್ರಿ. ಅದಕ್ಕ ಇಳಿಯಂಗಿಲ್ರಿ, ಗೌಡ್ರ."