ಗಾಡಿ ಎಷ್ಟು ತಡ?

ಫೆಡೋರಾದಲ್ಲೇ ಇರಲೋ, ಡೆಬಿಯನ್‌ಗೇ ಮರಳಿ ಹೋಗಲೋ? ಡೆಬಿಯನ್ ನಂಬಿಕಸ್ಥ, ನಿಜ. ಆದರೆ ಅದರಲ್ಲಿ ಎಲ್ಲವೂ ಎರಡು ವರ್ಷ ಹಳತು. ಫೆಡೋರಾ ಹೊಸತು, ಆದರೆ ಆರಾರು ತಿಂಗಳಿಗೊಮ್ಮೆ ಅಂಗಿ ಬದಲಿಸುತ್ತದೆ. ಆರ್ಚ್ ಹಾಕಿದರೆ ದಿನಾ ಬೆಳಿಗ್ಗೆ ಎದ್ದು ಅದರ ಮೈದಡವಬೇಕು. ಹೀಗೆ ತೂಗುತ್ತಾ ಕೂತು ಅವನಿಗೆ ಹನ್ನೊಂದು ವಾರವಾಗಿತ್ತು.

ಕೆಲಸವೇನೋ ಇಷ್ಟೇ. ಅಕ್ಕನ ಮನೆಯ ಹಳೆಯ ಕಂಪ್ಯೂಟರನ್ನು ಟಿವಿಯ ಕೆಳಗಿಟ್ಟು, ಅದರಲ್ಲಿರುವ ಹಾಡು, ಸಿನಿಮಾ, ಫೋಟೋ ಟಿವಿಯಲ್ಲಿ ಬರುವಂತೆ ಮಾಡಬೇಕು. ಅದಕ್ಕೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶ, ಒಂದು ಲಿನಕ್ಸ್ ಬೇಕು. ಲಿನಕ್ಸನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಕಟ್ಟಿ ಹಂಚುತ್ತಾರೆ. ಫೆಡೋರಾ, ಡೆಬಿಯನ್, ಆರ್ಚ್, ಅಂಥ ಒಂದೊಂದೂ ಒಂದು ಡಿಸ್ಟ್ರೋ. ಎಂ.ಎ. ಮುಗಿಸಿ ಅಕ್ಕನ ಮನೆಯ ಮಹಡಿಯ ಕೋಣೆ ಹಿಡಿದಿದ್ದ ತಮ್ಮನಿಗೆ, ಹೇಗೂ ಓದಿಕೊಂಡವನು ಎಂದು ಅಕ್ಕ ಈ ಕೆಲಸ ಒಪ್ಪಿಸಿದ್ದಳು.

ಮನೆಯವರಿಗೆ ಬೇಕಿದ್ದುದು ಸಿನಿಮಾ ಅಲ್ಲ, ಅಪ್ಪನ ಧ್ವನಿ. ಅಪ್ಪ ಮೂವತ್ತು ವರ್ಷ ರೈಲು ನಿಲ್ದಾಣದ ಮೈಕಿನಲ್ಲಿ ಗಾಡಿಗಳ ಹೊತ್ತು ಹೇಳಿದವರು. ಕಳೆದ ವರ್ಷ ಗಂಟಲಿನ ಆಪರೇಷನ್ ಆಗಿ ಮಾತು ನಿಂತೇ ಹೋಯಿತು. ಮಕ್ಕಳು ಚಿಕ್ಕವರಿದ್ದಾಗ ಅವರು ಮನೆಯಲ್ಲಿ ಟೇಪ್‌ರೆಕಾರ್ಡರ್ ಮುಂದೆ ಕೂತು ಅಭ್ಯಾಸ ಮಾಡಿದ್ದ ಕ್ಯಾಸೆಟ್ಟುಗಳು ಬೂಸಲು ಹಿಡಿದಿದ್ದವು. ಭಾವ ಅವನ್ನೆಲ್ಲ ಕಷ್ಟಪಟ್ಟು ಒಂದು ಡಿಸ್ಕಿಗೆ ಇಳಿಸಿದ್ದರು. ಆಮೇಲೆ ಅಕ್ಕ ಕ್ಯಾಸೆಟ್ಟುಗಳನ್ನು ಎಸೆದಿದ್ದಳು.

ಭಾವ ಲಿಫ್ಟ್ ರಿಪೇರಿ ಮಾಡುವವರು. ಬೆರಳ ಸಂದಿಯ ಗ್ರೀಸು ಊಟಕ್ಕೆ ಕೂತಾಗಲೂ ಪೂರ್ತಿ ಹೋಗಿರುವುದಿಲ್ಲ. ಅಂಥವರೂ ಡಿಸ್ಟ್ರೋ ಬಗ್ಗೆ ಬಾಯಿ ಹಾಕಿದ್ದು ಅವನಿಗೆ ನಗೆ ತರಿಸಿತ್ತು.

"ನಮ್ಮ ಆಫೀಸಲ್ಲಿ ಉಬುಂಟು ಹಾಕಿದಾರೆ, ತಂಟೆ ಇಲ್ಲ. ಅದನ್ನೇ ಹಾಕಿಬಿಡು."

"ಅದು ಎಲ್ಲರೂ ಹಾಕೋದು ಭಾವ."

"ಲಿಫ್ಟೂ ಎಲ್ಲರೂ ಹತ್ತೋದೇ ಅಲ್ವೇನಪ್ಪ."

ಮೊದಲು ಅಪ್ಪನ ಡಿಸ್ಕಿಗೆ ಇನ್ನೊಂದು ಕಾಪಿ ತೆಗೆದಿಡು ಎಂದೂ ಭಾವ ಹೇಳಿದರು. ಅದಕ್ಕೂ ಒಂದು ಪದ್ಧತಿಯಿದೆ, ಡಿಸ್ಟ್ರೋ ಗೊತ್ತಾದ ಮೇಲೆ ನೋಡೋಣ ಎಂದು ಇವನು ಮಾತು ಮುಗಿಸಿದ. ಲಿಫ್ಟಿನ ಗುಂಡಿ ಒತ್ತುವವರಿಗೆ ಪದ್ಧತಿ ಎಲ್ಲಿ ತಿಳಿಯಬೇಕು!

ದಿನಾ ಮಧ್ಯಾಹ್ನ ಅಪ್ಪ ಕುರ್ಚಿ ಎಳೆದುಕೊಂಡು ಟಿವಿಯ ಮುಂದೆ ಕೂರುತ್ತಿದ್ದರು. ಸ್ಲೇಟಿನ ಮೇಲೆ "ಗಾಡಿ ಎಷ್ಟು ತಡ?" ಎಂದು ಬರೆದು ತೋರಿಸುತ್ತಿದ್ದರು. ಅಕ್ಕ ನಗುತ್ತಿದ್ದಳು. ಆತುರಪಟ್ಟರೆ ಆಗುವ ಕೆಲಸವಲ್ಲ ಎಂದು ಇವನು ಹೇಳಿದರೆ ಅಪ್ಪ ತೋಳಿನಿಂದ ಸ್ಲೇಟು ಒರೆಸುತ್ತಿದ್ದರು.

ಆ ಭಾನುವಾರ ಬೆಳಿಗ್ಗೆ ಭಾವ ಕಂಪ್ಯೂಟರ್ ಬಿಚ್ಚಿ ಧೂಳು ಹೊಡೆದರು. ಒಳಗೆ ಒಂದೇ ಅಳತೆಯ ಎರಡು ಡಿಸ್ಕು: ಮೊದಲನೆಯದು ಡಿಸ್ಟ್ರೋಗೆ, ಎರಡನೆಯದು ಅಪ್ಪನ ಧ್ವನಿಗೆ. ಮರಳಿ ಜೋಡಿಸುವಾಗ ಕೇಬಲ್ಲುಗಳು ಅದಲುಬದಲಾದವು. ಅದನ್ನು ಭಾವ ಇವನಿಗೆ ಹೇಳಿಯೂ ಹೇಳಿದರು: "ಯಾವುದು ಎಲ್ಲಿತ್ತೋ ಮರೆತೆ, ಸ್ವಲ್ಪ ನೋಡ್ಕೊ." ಇವನು ಹೂಂ ಎಂದ.

ಡೆಬಿಯನ್ನೇ ಸರಿ ಎಂದು ಅಷ್ಟರಲ್ಲಿ ತೀರ್ಮಾನವಾಗಿತ್ತು. ಇದು ಎಂಟನೆಯ ಸಲ. ಈ ಸಲ ಇಡೀ ಡಿಸ್ಕಿಗೆ ರಹಸ್ಯ ಬೀಗ ಹಾಕುವ ಏರ್ಪಾಡನ್ನೂ ಆರಿಸಿದ. ಟಿವಿ ನೋಡುವ ಮನೆಗೆ ಅದೇಕೆ ಎಂದು ಕೇಳುವ ತಿಳಿವಳಿಕೆ ಅಲ್ಲಿ ಯಾರಿಗಿತ್ತು? ಮೊದಲನೆಯ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ನಿಜವಾಗಿಯೂ ಮುಂದುವರಿಯಬೇಕೇ ಎಂದು ಪರದೆ ಕೇಳಿತು. ಇಂಥ ಎಚ್ಚರಿಕೆಗಳನ್ನು ಬರೆಯುವುದು ಭಾವನಂಥವರಿಗೆ ಎಂದುಕೊಂಡು ಒತ್ತಿದ.

ಆ ಬೀಗಕ್ಕಾಗಿ ಡಿಸ್ಕಿನ ಮೂಲೆಮೂಲೆಯನ್ನೂ ಅಳಿಸುವುದು ಸಂಜೆಯವರೆಗೂ ನಡೆಯಿತು. ಪರದೆಯ ಮೇಲೆ ಶೇಕಡಾ ಹತ್ತು, ಇಪ್ಪತ್ತು ಎಂದು ಅಂಕಿ ಏರುತ್ತಿತ್ತು. ಗಾಡಿ ಕೊನೆಗೂ ಹತ್ತಿರ ಬಂತೆಂದು ಅಪ್ಪ ಕುರ್ಚಿ ಬಿಟ್ಟು ಏಳಲಿಲ್ಲ. ನೂರಾದಾಗ ಚಪ್ಪಾಳೆ ತಟ್ಟಿದರು.

ಆಮೇಲೆ ಇವನು ಎರಡನೆಯ ಡಿಸ್ಕನ್ನು ತೆರೆದ. ಅದರಲ್ಲಿ ಹೋದ ವಾರದ ಫೆಡೋರಾ ಹಾಗೇ ಕೂತಿತ್ತು.

ರಿಪೇರಿ ಅಂಗಡಿಯವನು ಮಾರನೆಯ ದಿನ ಒಂದು ಚೂರೂ ಉಳಿದಿಲ್ಲ ಎಂದು ಕೈ ಆಡಿಸಿದ. ಭಾವ ನೇರ ಅಪ್ಪನ ಮುಂದೆ ಹೋಗಿ ನಿಂತರು. "ಕೇಬಲ್ ಅದಲುಬದಲು ಮಾಡಿದ್ದು ನಾನೇ ಮಾವ. ತಪ್ಪು ನಂದೇ."

ಅಪ್ಪ ಆ ಗ್ರೀಸಿನ ಕೈ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸ್ಲೇಟಿನ ಮೇಲೆ "ಹೋಗಲಿ ಬಿಡಪ್ಪ" ಎಂದು ಬರೆದರು.

"ಇನ್ಮೇಲೆ ಕೇಳಿ ಮುಟ್ಟಿ ಭಾವ," ಎಂದ ಇವನು, ದೊಡ್ಡ ಮನಸ್ಸು ಮಾಡಿ.

ಹನ್ನೊಂದು ವಾರದ ಹಿಂದೆ, ಮೊದಲನೆಯ ಮಧ್ಯಾಹ್ನ, ಮನೆಯಲ್ಲಿ ಯಾರೂ ಇರಲಿಲ್ಲ. ಭಾವನ ಉಬುಂಟುವಿನ ಹುಳುಕು ತೋರಿಸಬೇಕೆಂದೇ ಅವನು ಅದನ್ನು ಹಾಕಿದ್ದ. ಅರ್ಧ ಗಂಟೆಯಲ್ಲಿ ಟಿವಿಯಿಂದ ಅಪ್ಪನ ಧ್ವನಿ ಬಂತು: ಎರಡನೆಯ ಪ್ಲಾಟ್‌ಫಾರಂಗೆ ಬರಬೇಕಾದ ಗಾಡಿ ನಲವತ್ತು ನಿಮಿಷ ತಡ. ನಡುವೆ ಮೈಕಿನಿಂದ ಮುಖ ತಿರುಗಿಸಿ, "ಏ ಪುಟ್ಟ, ಕತ್ತರಿ ಕೆಳಗಿಡು." ಆ ಪುಟ್ಟ ಅವನೇ. ಕೊನೆಯವರೆಗೂ ಕೇಳಿ, ಅವತ್ತೇ ಉಬುಂಟುವನ್ನು ಕಿತ್ತುಹಾಕಿದ್ದ. ಅದು ಭಾವ ಹೇಳಿದ ಡಿಸ್ಟ್ರೋ ಎಂಬುದೊಂದೇ ಕಾರಣ. ಇದನ್ನು ಅವನು ಯಾರಿಗೂ ಹೇಳಲಿಲ್ಲ.