ಎಡಕ್ಕೆ ವಾಲಿದ ಆರು ಅಕ್ಷರ

ಆಳಂದದ ಬುರಾನುದ್ದೀನ ಸಾಹೇಬರಿಗೆ ಉಲ್ಟಾ ಅಕ್ಷರವೇ ನೆಟ್ಟಗೆ ಕಾಣುತ್ತದೆ. ನಲವತ್ತು ವರ್ಷ ಸೀಸದ ಮೊಳೆ ಜೋಡಿಸಿದ ಕಣ್ಣು ಅದು. ಅಚ್ಚಿನ ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ, ಕಾಗದಕ್ಕೆ ಬಿದ್ದಾಗ ಸರಿಹೋಗುತ್ತದೆ. ಬೇರೆಯವರು ಇದನ್ನು ತಲೆ ಕೆರೆದುಕೊಂಡು ಅರ್ಥ ಮಾಡಿಕೊಳ್ಳಬೇಕು. ಸಾಹೇಬರಿಗೆ ಪೇಪರ್ ಓದುವುದಕ್ಕಿಂತ ಮೊಳೆ ಓದುವುದೇ ಸಲೀಸು. ಹಾಗಂತ ಅವರೇ ಬಂದವರಿಗೆಲ್ಲ ಹೇಳುತ್ತಾರೆ, ಹೇಳುವಾಗ ಗಡ್ಡ ನೀವಿಕೊಳ್ಳುತ್ತಾರೆ.

ಮಗಳು ಮಿನಾಜಳಿಗೆ ಈ ಜಂಬ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಅವಳಿಗೂ ಅಕ್ಷರದ ಹುಚ್ಚು, ಆದರೆ ಅದರ ಜಾತಿ ಬೇರೆ. ಲಗ್ನದ ಕಾರ್ಡುಗಳೆಲ್ಲ ಕಲಬುರಗಿಯ ಕಂಪ್ಯೂಟರಿನ ಪಾಲಾಗಿ, ಅಪ್ಪನ ಕಾಲಲ್ಲಿ ತುಳಿಯುವ ಟ್ರೆಡಲ್ ಮಶೀನಿಗೆ ರಸೀದಿ ಪುಸ್ತಕಗಳಿಗೆ ನಂಬರ್ ಹಾಕುವುದಷ್ಟೇ ಉಳಿದಿತ್ತು. ಆ ಮಶೀನಿನಲ್ಲೇ ಅಚ್ಚಾಗುವಂಥ ಹೊಸ ಓರೆ ಅಕ್ಷರ ಮಾಡಬೇಕು, ಕಟ್ಟಿಗೆಯಲ್ಲಿ ಕೊರೆಯಬೇಕು, ಅದು ಲಗ್ನದ ಕಾರ್ಡಿಗೆಂದೇ ಇರಬೇಕು ಎಂಬುದು ಅವಳ ಆಸೆ. ಎರಡು ವರ್ಷ ಬರೆದಳು, ಹರಿದಳು. ಕೊನೆಗೊಂದು ದಿನ ಗಾಳಿಗೆ ಬಾಗಿದ ಜೋಳದ ಹೊಲ ನೋಡಿ ದಾರಿ ಸಿಕ್ಕಿತು. ಅಕ್ಷರ ಬಲಕ್ಕೆ ಬಾಗಿತು, ತಲೆಕಟ್ಟಿನ ತುದಿ ಜೋಳದ ಎಲೆಯ ಹಾಗೆ ಸುರುಳಿಯಾಯಿತು.

"ಅಕ್ಷರ ಅಂದ್ರ ನೆಟ್ಟಗ ನಿಂದರಬೇಕು ಬೇಟಾ," ಎಂದರು ಸಾಹೇಬರು. "ಇವು ಖಜೂರಿ ಬಸ್ಸಿನ್ಯಾಗ ನಿಂತ ಮಂದಿಹಂಗ ವಾಲ್ಯಾವ."

ಚಹಾ ತಂದಿದ್ದ ಹಮೀದಾಬೇಗಂ ಸುಮ್ಮನಿರುವವರಲ್ಲ. "ಊರ ಮಂದಿ ಲಗ್ನಕ್ಕೆಲ್ಲ ಕಾರ್ಡ್ ಹೊಡದ್ರಿ. ನನ್ನ ಲಗ್ನಕ್ಕ ನಿಮ್ಮ ಅಬ್ಬಾ ಸೈಕಲ್ ಮ್ಯಾಲ ಊರೂರು ತಿರುಗಿ ಬಾಯಿಲೇ ಹೇಳಿ ಬಂದ್ರು. ನೆಟ್ಟಂದೂ ಇಲ್ಲ, ಸೊಟ್ಟಂದೂ ಇಲ್ಲ." ಈ ಮಾತನ್ನು ಆಕೆ ವರ್ಷಕ್ಕೆ ಒಂದು ಸಲವಾದರೂ ಆಡುತ್ತಿದ್ದರು. ಸಾಹೇಬರು ಆಗೆಲ್ಲ ಚಹಾದ ಬಶಿಯೊಳಗೆ ಮುಖ ಇಟ್ಟುಕೊಳ್ಳುತ್ತಿದ್ದರು.

ಮಿನಾಜಳ ಅದೃಷ್ಟ ಹವಳಗಾ ಊರಿನಿಂದ ಬಂತು. ಅವಳ ಜೊತೆ ಕಾಲೇಜು ಓದಿದ ಶಿವಕಾಂತಾಳಿಗೆ ಜೇವರ್ಗಿಯ ಕಲ್ಯಾಣಕುಮಾರನ ಜೊತೆ ಲಗ್ನ ಗೊತ್ತಾಗಿತ್ತು. ಕಾರ್ಡು ಮಿನಾಜಳ ಅಕ್ಷರದಲ್ಲೇ ಆಗಬೇಕೆಂದು ಹುಡುಗಿ ಹಟ ಹಿಡಿದಳು. ಅವಳ ಅಪ್ಪ ಬೀರಣ್ಣ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗಿಸುವವನು, ಏನನ್ನೂ ತೂಗದೆ ಒಪ್ಪುವವನಲ್ಲ. ಆ ಮನೆಯಲ್ಲಿ ಮೊದಲ ಕಾರ್ಡನ್ನು ಅಮಾವಾಸ್ಯೆಯ ದಿನ ಘತ್ತರಗಿಯ ಭಾಗ್ಯವಂತಿ ದೇವಿಯ ಮುಂದೆ ಇಟ್ಟ ಮೇಲೆಯೇ ಉಳಿದವನ್ನು ಹಂಚುವುದು.

"ಅಮಾಸಿ ಹಿಂದಿನ ದಿನ ಬರ್ತೇನಿ ತಂಗಿ. ಮನಸಿಗಿ ಬಂದ್ರ ಒಯ್ತೇನಿ, ಇಲ್ಲಂದ್ರ ಹಂಗ ಕಲಬುರಗಿಗಿ ಹೋಗ್ತೇನಿ," ಎಂದ.

ಮಿನಾಜ ಒಪ್ಪಿದಳು. ಈ ಒಂದು ಕಾರ್ಡು ಗೆದ್ದರೆ ಅವಳ ಅಕ್ಷರ ಮೂರು ತಾಲ್ಲೂಕಿನ ಮನೆಗಳಿಗೆ ಹೋಗುತ್ತದೆ. ಸೋತರೆ ಎರಡು ವರ್ಷದ ಕೆಲಸ ಖಾನೆ ಸೇರುತ್ತದೆ, ಇನ್ನೊಬ್ಬ ಬೀರಣ್ಣ ಸಿಗುವುದಿಲ್ಲ.

ಕಾರ್ಡಿನ ಉಳಿದ ಬರಹವೆಲ್ಲ ಹಳೆಯ ಸೀಸದ ಮೊಳೆಯಲ್ಲಿ, ಎರಡು ಹೆಸರು ಮಾತ್ರ ದೊಡ್ಡದಾಗಿ ಹೊಸ ಅಕ್ಷರದಲ್ಲಿ ಎಂದು ಗೊತ್ತಾಯಿತು. ಹುಡುಗಿಯ ಹೆಸರಿಗೆ ಸೊನ್ನೆಯೂ ಸೇರಿ ಐದು ತುಂಡು, ಹುಡುಗನ ಹೆಸರಿಗೆ ಆರು. ಒಣಗಿದ ಜಾಲಿಯ ಕಟ್ಟಿಗೆ, ಒಂದೊಂದಕ್ಕೂ ಒಂದು ದಿನ ಹಿಡಿಯುತ್ತಿತ್ತು. ದಿನಗಳು ಸಾಲುವುದಿಲ್ಲವೆಂದು ಮಿನಾಜ ಬೆರಳು ಮಡಚುತ್ತಿದ್ದಾಗ ಸಾಹೇಬರು ಕನ್ನಡಕ ಏರಿಸಿ ಉಳಿ ತೆಗೆದುಕೊಂಡರು.

"ಹುಡುಗನ ಹೆಸರು ನಾ ಕೊರೀತೇನಿ."

ಮಿನಾಜಳ ಎದೆ ತುಂಬಿ ಬಂತು. ಬಸ್ಸಿನ ಮಂದಿ ಎಂದು ಆಡಿಕೊಂಡವರೇ ಈಗ ಕೈ ಹಚ್ಚುತ್ತಿದ್ದರು. "ಬರೆದ ಹಾಳಿ ಉಲ್ಟಾ ಅಂಟಿಸಿ, ಅದರ ಮ್ಯಾಲ ಕೊರೀರಿ ಅಬ್ಬಾ," ಎಂದಳು.

"ಉಲ್ಟಾ ಅಕ್ಷರ ನನಗ ಕಲಸ್ತಿ ಏನು?" ಎಂದು ನಕ್ಕು, ಅವಳ ಹಾಳೆಯನ್ನು ಗೋಡೆಗೆ ಸಿಕ್ಕಿಸಿ, ನೋಡಿ ನೋಡಿ ಕೊರೆದರು. ಮಿನಾಜ ತನ್ನ ಐದನ್ನು ಹಾಳೆ ಅಂಟಿಸಿಯೇ ಕೊರೆದಳು. ಕೆಲಸ ಮುಗಿದದ್ದು ಬೀರಣ್ಣ ಬರುವ ದಿನ ಬೆಳಿಗ್ಗೆ.

ಬೀರಣ್ಣನ ಜೊತೆ ಅವನ ತಾಯಿ ನಿಂಬೆವ್ವನೂ ಬಂದಿದ್ದಳು. ಎಂಬತ್ತರ ಮುದುಕಿ, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮೊಮ್ಮಗಳ ಕಾರ್ಡನ್ನು ದೇವಿಯ ಮುಂದೆ ತನ್ನ ಕೈಯಾರೆ ಇಡುವವಳು ಅವಳೇ. ಸಾಹೇಬರು ಮಶೀನು ತುಳಿದರು, ಮಿನಾಜ ಮೊದಲ ಕಾರ್ಡನ್ನು ಎರಡು ಬೆರಳಿನಲ್ಲಿ ಎತ್ತಿ ಮೇಜಿನ ಮೇಲಿಟ್ಟಳು. ಕುಂಕುಮದ ಬಣ್ಣ ಚೆನ್ನಾಗಿ ಕೂತಿತ್ತು. ಆದರೂ ಅವಳಿಗೆ ಏನೋ ಸರಿಯಿಲ್ಲ ಎನ್ನಿಸಿತು.

"ಯಾರ ಹೆಸರು ಯಾವುದವ್ವ?" ಎಂದು ನಿಂಬೆವ್ವ ಬಗ್ಗಿದಳು.

"ಎಡಗಡೆ ಹುಡುಗಂದು ಆಯಿ, ಬಲಗಡೆ ನಮ್ಮ ಶಿವಕಾಂತಾಂದು," ಎಂದಳು ಮಿನಾಜ.

"ಹಂಗಾದ್ರ ಒಬ್ರು ಆ ಕಡಿ, ಒಬ್ರು ಈ ಕಡಿ ಯಾಕ ಮಾರಿ ತಿರುವ್ಯಾರ? ಲಗ್ನಕ್ಕ ಮೊದಲ ಜಗಳ ತೆಗದಾರೇನು?"

ಎಲ್ಲರೂ ನೋಡಿದರು. ಓದಲು ಬಾರದವಳು ಸರಿಯಾಗಿಯೇ ಓದಿದ್ದಳು. ಶಿವಕಾಂತಾ ಬಲಕ್ಕೆ ಬಾಗಿದ್ದಳು, ಕಲ್ಯಾಣಕುಮಾರ ಎಡಕ್ಕೆ. ಬೀರಣ್ಣ ಕಾರ್ಡನ್ನು ಮೆಲ್ಲಗೆ ಕೆಳಗಿಟ್ಟ. "ಇದನ್ನ ದೇವಿ ಮುಂದ ಹೆಂಗ ಇಡಬೇಕ್ರಿ ಸಾಹೇಬ್ರ? ನಾ ಕಲಬುರಗಿಗಿ ಹೊಂಡ್ತೇನಿ."

ಸಾಹೇಬರು ತಮ್ಮ ತುಂಡುಗಳನ್ನು ಬೆಳಕಿಗೆ ಹಿಡಿದರು, ಗೋಡೆಯ ಹಾಳೆ ನೋಡಿದರು, ಮತ್ತೆ ತುಂಡು ನೋಡಿದರು. ಅಕ್ಷರವನ್ನೇನೋ ಕೈ ತಾನಾಗಿ ತಿರುಗಿಸಿತ್ತು. ಆದರೆ ನಲವತ್ತು ವರ್ಷ ಅವರು ಮುಟ್ಟಿದ್ದೆಲ್ಲ ನೆಟ್ಟಗಿನ ಮೊಳೆ. ವಾಲಿದ್ದನ್ನೂ ತಿರುಗಿಸಬೇಕೆಂದು ಆ ಕೈಗೆ ಯಾರೂ ಹೇಳಿರಲಿಲ್ಲ. ಹಾಳೆಯಲ್ಲಿ ಬಲಕ್ಕೆ ಬಾಗಿದ್ದನ್ನು ಕಟ್ಟಿಗೆಯಲ್ಲೂ ಬಲಕ್ಕೇ ಕೊರೆದಿದ್ದರು, ಕಾಗದದ ಮೇಲೆ ಅದು ಎಡಕ್ಕೆ ಬಿತ್ತು.

"ತಪ್ಪು ನಂದು," ಎಂದರು. ಗಡ್ಡದ ಕಡೆ ಕೈ ಹೋಗಲಿಲ್ಲ. "ನನ್ನ ಆರೂ ಒಗದುಬಿಡು ಬೇಟಾ. ಎರಡೂ ಹೆಸರು ಸೀಸದ ಮೊಳ್ಯಾಗ ಹಾಕು."

ಮಿನಾಜಳಿಗೆ ಅಳು ಬಂತು. ಕಾರ್ಡು ಹೋಗುತ್ತದೆಂದು ಒಂದಿಷ್ಟು, ಅಪ್ಪ ತನಗಾಗಿ ಕೊರೆದ ಆರು ತುಂಡನ್ನು ಎಸೆಯಬೇಕಲ್ಲ ಎಂದು ಬಹಳಷ್ಟು. ಅವಳಿಗೆ ಕೈ ಬರಲಿಲ್ಲ. ಮುದುಕಿ ಹೇಳಿದ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಮಾರಿ ತಿರುವ್ಯಾರ. ತಿರುವಿಕೊಂಡಿದ್ದರೆ ಜಾಗ ಬದಲಿಸಿ ಕೂಡಿಸಿದರಾಯಿತಲ್ಲ.

"ಎರಡು ನಿಮಿಷ ಕೂಡ್ರಿ ಅಣ್ಣಾರ," ಎಂದವಳೇ ಕಬ್ಬಿಣದ ಚೌಕಟ್ಟು ಸಡಿಲಿಸಿ ಎರಡು ಹೆಸರನ್ನೂ ಅದಲುಬದಲು ಮಾಡಿ ಬಿಗಿದಳು. ಈ ಸಲ ಮಶೀನು ತುಳಿದದ್ದೂ ಅವಳೇ.

ಈಗ ಶಿವಕಾಂತಾ ಎಡಗಡೆ, ಕಲ್ಯಾಣಕುಮಾರ ಬಲಗಡೆ. ಅವಳು ಅವನ ಕಡೆಗೆ ಬಾಗಿದ್ದಳು, ಅವನು ಅವಳ ಕಡೆಗೆ. ಎರಡು ಹೆಸರಿನ ಸುರುಳಿಗಳು ನಡುವೆ ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದಿದ್ದವು.

ಬೀರಣ್ಣ ಮನಸ್ಸಿನಲ್ಲೇ ತೂಗಿ ನೋಡಿದ. "ಛಂದ ಅದ ತಂಗಿ. ಖರೆ ಗಂಡಿನ ಹೆಸರು ಮೊದಲ ಬರಬೇಕಲ್ಲ?"

ನಿಂಬೆವ್ವ ಕಾರ್ಡು ಕಸಿದುಕೊಂಡಳು. "ನಾ ಇದನ್ನ ಯಾರ ಮುಂದ ಇಡಾಕ ಹೊಂಟೇನಿ? ಭಾಗ್ಯವಂತಿ ಮುಂದ. ಹೆಣ್ಣಿನ ಹೆಸರು ಮೊದಲ ಬಂದ್ರ ಅಕಿಗೇನು ಬ್ಯಾಸರಿಲ್ಲ, ನಿನಗ್ಯಾಕ ಬೇಕಲೇ?" ಆಮೇಲೆ ಹೆಸರುಗಳ ಮೇಲೆ ಬೆರಳಾಡಿಸಿ ಹೇಳಿದಳು, "ಓದಾಕ ನನಗ ಬರೂದಿಲ್ಲ. ಆದ್ರ ಇವ್ರು ಏನೋ ಗುಟ್ಟು ಮಾತಾಡಾಕತ್ತಾರ."

ಬೀರಣ್ಣನ ತಕ್ಕಡಿ ಅಲ್ಲಿಗೆ ವಾಲಿತು. ಸಂಜೆಯ ಬಸ್ಸಿಗೆ ಐನೂರು ಕಾರ್ಡಿನ ಗಂಟು ಹೋಯಿತು, ಮೊದಲನೆಯದು ಮಾತ್ರ ಮುದುಕಿಯ ಸೆರಗಿನೊಳಗೆ. ತಿಂಗಳು ತುಂಬುವುದರೊಳಗೆ ಜೇವರ್ಗಿಯಿಂದ ಇಬ್ಬರು, ಅಫಜಲಪುರದಿಂದ ಒಬ್ಬರು ಆ ಮಾತಾಡುವ ಅಕ್ಷರ ಬೇಕೆಂದು ಪ್ರೆಸ್ ಹುಡುಕಿಕೊಂಡು ಬಂದರು. ಮಿನಾಜ ಎರಡು ಹೊಸ ಖಾನೆ ಮಾಡಿಸಿದಳು, ಬಲಕ್ಕೆ ಬಾಗಿದವಕ್ಕೆ ಒಂದು, ಎಡಕ್ಕೆ ಬಾಗಿದವಕ್ಕೆ ಒಂದು. ಎಡದ್ದನ್ನು ಕೊರೆಯುವ ಹಕ್ಕು ತಮ್ಮದೊಬ್ಬರದೇ ಎಂದು ಸಾಹೇಬರು ಬಂದವರಿಗೆಲ್ಲ ಹೇಳತೊಡಗಿದರು, ಗಡ್ಡ ನೀವಿಕೊಂಡೇ.

ಒಂದು ಶುಕ್ರವಾರ ಅವರು ಖಾನೆಗಳಲ್ಲಿ ಇಲ್ಲದ ಐದು ಅಕ್ಷರ ಮಿನಾಜಳಿಂದ ಬರೆಸಿಕೊಂಡರು. ಯಾರ ಕಾರ್ಡೆಂದರೆ ಹೇಳಲಿಲ್ಲ. ಈ ಸಲ ಹಾಳೆಯನ್ನು ತಾವೇ ಉಲ್ಟಾ ಅಂಟಿಸಿ, ಅವಳನ್ನು ಕರೆದು, "ಬರೋಬ್ಬರಿ ಅದ ಏನು ನೋಡು ಬೇಟಾ," ಎಂದು ಕೇಳಿಯೇ ಉಳಿ ಹಚ್ಚಿದರು. ವಾರದ ಮೇಲೆ ಹಮೀದಾಬೇಗಂ ಚಹಾ ತಂದಾಗ ಬಶಿಯ ಪಕ್ಕದಲ್ಲಿ ಒಂದು ಕಾರ್ಡು ಇಟ್ಟರು. ಅಚ್ಚಾಗಿದ್ದು ಅದೊಂದೇ. ಎಡಗಡೆ ಹಮೀದಾಬೇಗಂ, ಬಲಗಡೆ ಬುರಾನುದ್ದೀನ, ಇಬ್ಬರೂ ತಲೆಗೆ ತಲೆ ಹಚ್ಚಿಕೊಂಡು.

ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಕಾರ್ಡನ್ನು ಎತ್ತಿಕೊಂಡರು.

"ನಲವತ್ತು ವರ್ಷ ತಡಾ ಮಾಡಿ ಕರ್ಯಾಕತ್ತೀರಿ," ಎಂದರು. "ಇರ್ಲಿ, ಬರ್ತೇನಿ."