ತಪ್ಪು ಓದುವ ಟೀಚರ್

ನಾಝಿಮಾ ಟೀಚರ್ ಗೇಟಿನ ಬಳಿ ಚಪ್ಪಲಿ ಬಿಡುತ್ತಿದ್ದಂತೆ ಸಂಚಿತಾ ಜಗಲಿಯಿಂದ ಇಳಿದು ನೇರ ಅವರೆದುರು ಬಂದು ನಿಂತಳು.

“ಟೀಚರೇ, ಒಂದು ಕೇಳ್ತೇನೆ. ಅಮ್ಮನಿಗೆ ಓದ್ಲಿಕ್ಕೆ ಆಗ್ತಿರ್ಲಿಲ್ಲ ಅಂತ ನಿಮ್ಗೆ ಗೊತ್ತಿತ್ತಾ?”

ನಾಝಿಮಾ ಕೊಡೆ ಮಡಚಿದರು. ಸಮಾಧಾನದ ನಾಲ್ಕು ಮಾತುಗಳನ್ನು ಬಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದರು.

“ಡಾಕ್ಟರ್ ಹೇಳಿದ್ರು, ತಲೆಯೊಳಗಿನ ಗಡ್ಡೆ ಇವತ್ತು ನಿನ್ನೆಯದ್ದಲ್ಲ. ವರ್ಷದಿಂದ ಅಕ್ಷರ ಕಲಸಿ ಹೋಗ್ತಿದ್ದಿರ್ಬೇಕು ಅಂತ. ಬೇಗ ಬಂದಿದ್ರೆ ಎಂತಾದ್ರೂ ಮಾಡ್ಬಹುದಿತ್ತಂತೆ. ನೀವು ಪಕ್ಕದ ಕ್ಲಾಸಿನವರು. ಯಾರಿಗೂ ಗೊತ್ತಾಗ್ಲಿಲ್ವಾ?”

ಉರ್ವದ ಆ ಮನೆಯ ಚಾವಡಿಯಲ್ಲಿ ಕುಶಲಾ ಟೀಚರನ್ನು ಮಲಗಿಸಿದ್ದರು. ಗಂಡ ಅಣ್ಣು ಶೆಟ್ರು ಹಂಪನಕಟ್ಟೆಯಲ್ಲಿ ಹೋಟೆಲು ಇಟ್ಟವರು. ಬೆಳಕು ಹರಿಯುವ ಮೊದಲೇ ಹೋಗಿ ಊರು ಮಲಗಿದ ಮೇಲೆ ಬರುವವರು. ಇವತ್ತು ಹಗಲಿನಲ್ಲಿ ಮನೆಯಲ್ಲಿದ್ದುದರಿಂದ ಎಲ್ಲಿ ಕೂರಬೇಕೆಂದು ತಿಳಿಯದೆ ಕಂಬಕ್ಕೆ ಒರಗಿದ್ದರು. ಮಗಳು ಸಂಚಿತಾ ಮುಂಬಯಿಗೆ ಮದುವೆಯಾಗಿ ಹೋದವಳು, ವರ್ಷಕ್ಕೊಮ್ಮೆ ಬರುವವಳು. ಹಾಗಾಗಿ ಪ್ರಶ್ನೆ ಶಾಲೆಯ ಕಡೆಗೆ ತಿರುಗಿದ್ದು ಸಹಜವೇ. ಸಾವಿನ ಮನೆಯಲ್ಲಿ ತಪ್ಪಿಗೆ ಒಬ್ಬ ವಾರಸುದಾರ ಬೇಕಾಗುತ್ತದೆ.

“ತಪ್ಪು ಓದ್ತಿದ್ರು ಅಂತ ಗೊತ್ತಿತ್ತು,” ನಾಝಿಮಾ ಮೆಲ್ಲಗೆ ಅಂದರು. “ಆದ್ರೆ ಅವರು ಮೊದಲಿಂದಲೂ ತಪ್ಪೇ ಓದ್ತಿದ್ದದ್ದು, ಸಂಚಿತಾ.”

*

ಕುಶಲಾ ಟೀಚರ್ ಕಲಿಸುತ್ತಿದ್ದ ಉಳ್ಳಾಲದ ಶಾಲೆಯಲ್ಲಿ ಒಮ್ಮೆ ಶಿಕ್ಷಕರ ಸಮಾಲೋಚನಾ ಸಭೆ ನಡೆದಿತ್ತು. ಸುತ್ತಲಿನ ಶಾಲೆಗಳ ಟೀಚರುಗಳು ತಾವು ಮಾಡಿದ ಚಾರ್ಟು, ಪದ ಬರೆದ ಮಿಂಚುಪಟ್ಟಿ, ಬೆಂಕಿಕಡ್ಡಿಯ ಅಕ್ಷರಗಳನ್ನು ಮೇಜಿನ ಮೇಲೆ ಹರಡಿದ್ದರು. ಕುಶಲಾ ಟೀಚರ್ ಬರಿಗೈಯಲ್ಲಿ ಎದ್ದು ನಿಂತರು.

“ನಾನು ತಪ್ಪು ಓದ್ತೇನೆ,” ಅಂದರು. ಸಭೆ ನಕ್ಕಿತು.

“ನಗಾಡಿ, ಪರ್ವಾಗಿಲ್ಲ. ಕಾಗೆ ಮರದಲ್ಲಿ ಕೂತಿತು ಅಂತ ಪುಸ್ತಕದಲ್ಲಿ ಉಂಟು. ನಾನು ಕಾಗೆ ರಿಕ್ಷಾದಲ್ಲಿ ಕೂತಿತು ಅಂತ ಓದ್ತೇನೆ. ಮಕ್ಕಳು ಬೊಬ್ಬೆ ಹಾಕ್ತಾರೆ. ನನ್ನ ತಪ್ಪು ಹಿಡಿಯಬೇಕಾದ್ರೆ ಅವರು ಅಕ್ಷರ ನೋಡ್ಲೇಬೇಕಲ್ಲ.”

ಶನಿವಾರ ಮಧ್ಯಾಹ್ನ ಮನೆಯವರನ್ನೂ ಕರೆಯುತ್ತಿದ್ದರು. ತಾಯಿಯೋ ಅಜ್ಜಿಯೋ, ಯಾರು ಬಂದರೂ ಮಗುವಿನ ಪುಸ್ತಕ ಹಿಡಿದು ತಪ್ಪು ತಪ್ಪಾಗಿ ಓದಬೇಕು; ಮಗು ತಿದ್ದಬೇಕು. ಬೇಕೆಂದೇ ತಪ್ಪುವವರು ಯಾರು, ಓದಲು ಬಾರದೆ ತಪ್ಪುವವರು ಯಾರು ಎಂದು ಉಳಿದವರಿಗೆ ತಿಳಿಯುತ್ತಿರಲಿಲ್ಲ. ಟೀಚರಿಗೆ ತಿಳಿಯುತ್ತಿತ್ತು, ಹೇಳುತ್ತಿರಲಿಲ್ಲ. ಮಾನ ಉಳಿದರೆ ಅಕ್ಷರ ತಾನಾಗಿ ಬರುತ್ತದೆ ಎಂಬುದು ಅವರ ನಂಬಿಕೆ. ಗಲ್ಫಿನಲ್ಲಿರುವ ಅಝರನ ತಾಯಿ ಪಾತುಮ್ಮ ಹಾಗೆಯೇ ಮೊಮ್ಮಗಳು ಹನಾನಳ ಕೈಯಲ್ಲಿ ತಿದ್ದಿಸಿಕೊಳ್ಳುತ್ತಾ ಓದು ಕಲಿತರು. ಈಗ ಯಾರನ್ನೂ ಕೇಳದೆ ಬೋರ್ಡು ಓದಿ ಬಸ್ಸು ಹತ್ತುತ್ತಾರೆ.

ಕಳೆದ ವರ್ಷ ಟೀಚರ ತಪ್ಪುಗಳು ಹೆಚ್ಚಾದವು. ಸಾಲುಗಳೇ ಬಿಟ್ಟು ಹೋಗುತ್ತಿದ್ದವು. ಓದಿದ್ದನ್ನೇ ಮತ್ತೆ ಓದುತ್ತಿದ್ದರು. ಮಕ್ಕಳಿಗಂತೂ ಹಬ್ಬ. ಗೋಡೆಯಾಚೆಯಿಂದ ಬೊಬ್ಬೆ ಕೇಳಿದ ಒಂದು ದಿನ ನಾಝಿಮಾ ಊಟದ ಹೊತ್ತಿಗೆ, “ಎಂತ ಕುಶಲಕ್ಕ, ಇವತ್ತು ಮಕ್ಕಳನ್ನು ಜೋರು ಆಡಿಸಿದ್ರಿ” ಅಂದಿದ್ದರು. “ಹೌದು ಮಾರಾಯ್ತಿ,” ಅಂದು ಕುಶಲಾ ಟೀಚರ್ ಬುತ್ತಿಯ ಮುಚ್ಚಳ ತೆಗೆದಿದ್ದರು.

*

“ಅಂದ್ರೆ ಅಮ್ಮ ಕಷ್ಟಪಡುವಾಗ ನೀವೆಲ್ಲ ನಗಾಡ್ತಾ ಇದ್ರಿ,” ಸಂಚಿತಾ ಅಂದಳು.

ನಾಝಿಮಾರಿಗೆ ಅಳು ಬಂತು.

“ಅವರನ್ನು ಬೈಬೇಡಿ ಮಗಳೇ. ನನಗೆ ಗೊತ್ತಿತ್ತು.”

ಅಂಗಳದ ಬದಿಯಲ್ಲಿ ಶಾಲೆಯ ಮಕ್ಕಳ ಮನೆಯವರು ಗುಂಪಾಗಿ ನಿಂತಿದ್ದರು. ಹಾಗೆಂದ ಪಾತುಮ್ಮ ಅವರ ನಡುವಿನಿಂದ ಮುಂದೆ ಬಂದರು.

“ಬೇಕಂತ ತಪ್ಪು ಓದುವವರು ಮಗುವಿನ ಮುಖ ನೋಡ್ತಾರೆ. ಬಾರದವರು ಅಕ್ಷರವನ್ನೇ ನೋಡ್ತಾರೆ. ನಾನು ಅದೇ ಬೆಂಚಲ್ಲಿ ಕೂತು ಹಾಗೆ ನೋಡಿದವಳಲ್ವಾ. ಶನಿವಾರ ನಮ್ಮೆದುರು ಓದುವಾಗ ಟೀಚರ್ ಮಕ್ಕಳ ಮುಖ ನೋಡುವುದು ಬಿಟ್ಟಿದ್ರು.”

“ಗೊತ್ತಿದ್ದೂ ಯಾರ ಹತ್ರವೂ ಹೇಳ್ಲಿಲ್ವಾ ನೀವು?”

“ಅವರ ಹತ್ರವೇ ಹೇಳಿದೆ, ಡಾಕ್ಟರಿಗೆ ತೋರಿಸಿ ಅಂತ. ತೋರಿಸಿದ್ರೆ ನನ್ನನ್ನು ಮನೆಯಲ್ಲಿ ಕೂರಿಸ್ತಾರೆ ಪಾತುಮ್ಮ, ಈ ಮಕ್ಕಳು ಓದ್ಲಿಕ್ಕೆ ಕಲೀಲಿ, ಮತ್ತೆ ಡಾಕ್ಟರ ಹತ್ರ ಹೋಗ್ತೇನೆ, ಯಾರಿಗೂ ಹೇಳ್ಬೇಡಿ ಅಂದ್ರು.” ಪಾತುಮ್ಮ ತಲೆಯ ಮೇಲಿನ ವಸ್ತ್ರವನ್ನು ಮುಂದಕ್ಕೆಳೆದುಕೊಂಡರು. “ನನಗೆ ಓದು ಬರುವುದಿಲ್ಲ ಅಂತ ಅವರು ಯಾರಿಗೂ ಹೇಳಿರ್ಲಿಲ್ಲ. ನನ್ನ ಮಗನಿಗೂ ಹೇಳಿರ್ಲಿಲ್ಲ. ಮತ್ತೆ ನಾನು ಹೇಗೆ ಹೇಳುವುದು? ಹೇಳ್ಬೇಕಿತ್ತು ಅಂತ ಈಗ ಕಾಣ್ತದೆ.”

ಸಂಚಿತಾಳಿಗೆ ಈ ಹೆಂಗಸಿನ ಕೆನ್ನೆಗೆ ಹೊಡೆಯಬೇಕೆನಿಸಿತು. ಅಮ್ಮನ ಕೊನೆಯ ವರ್ಷವನ್ನು ಸರಿಯಾಗಿ ನೋಡಿದವರು ಇವರೊಬ್ಬರೇ ಎಂಬುದೂ ಅದೇ ಹೊತ್ತಿಗೆ ಹೊಳೆಯಿತು. ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡಿದ ಮಗಳಿಗೆ, ಒಂದೇ ಸೂರಿನಡಿ ಮಲಗಿದ ಗಂಡನಿಗೆ ಕಾಣದ್ದು ಇವರಿಗೆ ಕಂಡಿತ್ತು.

“ಅಮ್ಮ ಹೆದರಿದ್ರಾ?” ಎಂದು ಕೇಳಿದಳು.

“ಹೆದರಿದ್ರು. ಆದ್ರೆ ಮಕ್ಕಳು ತಿದ್ದುವಾಗ ಹೆದರಿಕೆ ಇರ್ತಿರ್ಲಿಲ್ಲ. ನೋಡಿ, ಹೇಗೆ ಹಿಡಿದ್ರು ಅಂತ ನನ್ನ ಹತ್ರ ಹೇಳಿ ಖುಷಿ ಪಡ್ತಿದ್ರು.”

ಕಂಬಕ್ಕೆ ಒರಗಿದ್ದ ಅಣ್ಣು ಶೆಟ್ರು ಅಲ್ಲೇ ನೆಲದ ಮೇಲೆ ಕೂತರು.

ಟೀಚರ ಅಕ್ಕ ಕಿನ್ನಿ ಒಳಗಿನಿಂದ ಕೂಗಿದರು. “ಬಾಯಿಗೆ ನೀರು ಬಿಡ್ಲಿಕ್ಕೆ ಇನ್ನು ಯಾರುಂಟು? ಸ್ಮಶಾನಕ್ಕೆ ಹೊರಡ್ಲಿಕ್ಕೆ ಹೊತ್ತಾಯ್ತು.”

ಸಂಚಿತಾ ಪಾತುಮ್ಮನ ಮೊಣಕೈ ಹಿಡಿದಳು.

“ಬನ್ನಿ.”

“ನನಗೆ ನಿಮ್ಮ ಕ್ರಮ ಗೊತ್ತಿಲ್ಲ ಮಗಳೇ.”

“ಬನ್ನಿ.”

ಚಾವಡಿಯಲ್ಲಿ ಜನ ಬದಿಗೆ ಸರಿದರು. ಸಂಚಿತಾ ನೀರಿನ ಗಿಂಡಿಯನ್ನೂ ಒಂದು ತುಳಸಿ ಎಲೆಯನ್ನೂ ಅವರ ಕೈಗೆ ಕೊಟ್ಟಳು. ಎಲೆಯನ್ನು ಎಂತ ಮಾಡಬೇಕೆಂದು ತಿಳಿಯದೆ ಪಾತುಮ್ಮ ಅದನ್ನು ಟೀಚರ ಎದೆಯ ಮೇಲಿಟ್ಟರು. ಅಂಗೈಗೆ ನೀರು ಸುರಿದುಕೊಂಡು ತುಟಿ ಒರೆಸಿದರು. ಬೆಳಿಗ್ಗೆ ಮಗುವನ್ನು ಶಾಲೆಗೆ ಹೊರಡಿಸುವವರ ಹಾಗೆ ಕೆನ್ನೆ, ಹಣೆ, ಕಿವಿಯ ಹಿಂದೆಯೂ ಒರೆಸಿದರು.

“ಹಾಗಲ್ಲ ಅದು,” ಎಂದು ಕಿನ್ನಿ ಮುಂದೆ ಬಾಗಿದರು. ಸಂಚಿತಾ ದೊಡ್ಡಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಪಾತುಮ್ಮ ತಲೆವಸ್ತ್ರದ ತುದಿಯಿಂದ ಟೀಚರ ಗಲ್ಲದ ನೀರನ್ನು ಒತ್ತಿ ತೆಗೆಯುತ್ತಿದ್ದರು.